ಮಾಜಿ ಸೈನಿಕರ ಸೂರು: ನಿವೇಶನಕ್ಕುಂಟು ಮೀಸಲು, ಬಾಡಿಗೆಗಿಲ್ಲ ನೆರವು

ಬೆಂಗಳೂರು: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದಂತಹ ಬಡಾವಣೆಗಳಲ್ಲಿ ಬಾಡಿಗೆ ಮನೆ ಹಿಡಿಯಲು ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಹಳೆಯ ರೂಢಿ. ಪಿಂಚಣಿ ಇಲ್ಲದ, ವಯಸ್ಸಾದ ಮಾಜಿ ಸೈನಿಕರೊಬ್ಬರಿಗೆ ಮಾಲೀಕರು ಮನೆ ಖಾಲಿ ಮಾಡಲು ಹೇಳಿದರೆ ಅವರು ಎಲ್ಲಿಗೆ ಹೋಗಬೇಕು? ದೇಶ ಕಾಯ್ದವರಿಗಾಗಿ ಇರುವ ಸರ್ಕಾರಿ ವಸತಿ ಸೌಲಭ್ಯಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಅವುಗಳಲ್ಲಿ ಹೆಚ್ಚಿನವು ಕೊಳ್ಳುವ ಶಕ್ತಿ ಇದ್ದವರಿಗೇ ಅನುಕೂಲಕರವಾಗಿರುವುದು ಕಂಡುಬರುತ್ತದೆ.

ಎಲ್ಲರಿಗೂ ಪಿಂಚಣಿ ಇಲ್ಲ

ಸೇನೆಯಲ್ಲಿದ್ದವರಿಗೆಲ್ಲ ಪಿಂಚಣಿ ಬರುತ್ತದೆ ಎಂಬ ಭಾವನೆ ಜನರಲ್ಲಿದೆ. ವಾಸ್ತವವಾಗಿ ಜವಾನರು ಸೇವಾ ಪಿಂಚಣಿಗೆ ಅರ್ಹರಾಗಲು ಸಾಮಾನ್ಯವಾಗಿ ಕನಿಷ್ಠ 15 ವರ್ಷ ಸೇವೆ ಸಲ್ಲಿಸಿರಬೇಕು. ಅದಕ್ಕೂ ಮುನ್ನ ಬಿಡುಗಡೆಯಾದ ಅನೇಕರಿಗೆ ಮಾಸಿಕ ಆದಾಯವೇ ಇರುವುದಿಲ್ಲ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಕ್ಕೆ ಹೊರಬರುವವರಿಗೂ ಪಿಂಚಣಿ ಇಲ್ಲ. ಅವರಿಗೆ ದೊರೆಯುವುದು ಸೇವಾ ನಿಧಿಯ ಇಡಿಗಂಟು ಮಾತ್ರ. ಸೂರು ಕಳೆದುಕೊಳ್ಳುವ ಭಯ ಹೆಚ್ಚಾಗಿ ಕಾಡುವುದು ಇಂಥವರನ್ನು ಹಾಗೂ ಸೈನಿಕರ ವಿಧವೆಯರನ್ನು.

ಮೀಸಲಾತಿಯ ಮಿತಿ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) 1984ರ ನಿವೇಶನ ಹಂಚಿಕೆ ನಿಯಮಗಳಲ್ಲಿ ಸೈನಿಕರು, ಮಾಜಿ ಸೈನಿಕರು ಹಾಗೂ ಮೃತ ಸೈನಿಕರ ಕುಟುಂಬದವರಿಗೆ ಶೇ. 5ರಷ್ಟು ಮೀಸಲಾತಿ ಇದೆ. ನಗರದ ಪಶ್ಚಿಮ ಭಾಗದಲ್ಲಿ, ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವೆ ಕೆಂಗೇರಿ ಸಮೀಪ ರೂಪುಗೊಂಡ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಬಿಡಿಎ 2016 ಮತ್ತು 2018ರಲ್ಲಿ ನಿವೇಶನ ಹಂಚಿತು.

ಆದರೆ ಮೀಸಲಾತಿ ಎಂದರೆ ಉಚಿತ ನಿವೇಶನವಲ್ಲ. ಹಂಚಿಕೆಯಾದ ಮೇಲೆ ನಿಗದಿತ ಅವಧಿಯಲ್ಲಿ ಹಣ ಕಟ್ಟಬೇಕು. ಅನಂತರ ಮನೆ ಕಟ್ಟಲು ಬೇರೆ ಹಣ ಹೊಂದಿಸಬೇಕು. ಪಿಂಚಣಿ ಇಲ್ಲದ ವೃದ್ಧರಿಗೆ ಬ್ಯಾಂಕ್ ಸಾಲ ದೊರೆಯುವುದೂ ಕಷ್ಟ. 1978ರಲ್ಲಿ ಸ್ಥಾಪನೆಯಾದ ಸೇನಾ ಕಲ್ಯಾಣ ವಸತಿ ಸಂಸ್ಥೆ ಲಾಭ-ನಷ್ಟವಿಲ್ಲದ ದರದಲ್ಲಿ ಮನೆ ಒದಗಿಸುತ್ತದೆಯಾದರೂ ಅಲ್ಲಿಯೂ ಖರ್ಚು ಭರಿಸುವವರು ಫಲಾನುಭವಿಗಳೇ.

ಬಡವರಿಗೆ ಏನಿದೆ?

ರಕ್ಷಣಾ ಮಂತ್ರಿಗಳ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ನೀಡುವ ಕಡುಬಡತನ ಪರಿಹಾರ ಧನ ಇವುಗಳಲ್ಲಿ ಮುಖ್ಯವಾದುದು. 65 ವರ್ಷ ದಾಟಿದ, ಪಿಂಚಣಿ ಇಲ್ಲದ, ಹವಿಲ್ದಾರ್ ಹಾಗೂ ಅದಕ್ಕಿಂತ ಕೆಳಗಿನ ದರ್ಜೆಯ ಮಾಜಿ ಸೈನಿಕರು ಮತ್ತು ವಿಧವೆಯರು ಇದಕ್ಕೆ ಅರ್ಹರು. ತಿಂಗಳಿಗೆ 4,000 ರೂಪಾಯಿ ಇದ್ದ ಈ ನೆರವನ್ನು 2025ರ ನವೆಂಬರ್ 1ರಿಂದ 8,000 ರೂಪಾಯಿಗೆ ಏರಿಸಲಾಯಿತು. ಇದು ಜೀವನ ನಿರ್ವಹಣೆಗೆ ಕೊಡುವ ಹಣ. ಊಟ, ಔಷಧಿ, ಬಾಡಿಗೆ ಎಲ್ಲವೂ ಇದರಲ್ಲೇ ಆಗಬೇಕು. ಹತ್ತು ತಿಂಗಳ ಮುಂಗಡವನ್ನು ಇದರಿಂದ ಹೊಂದಿಸುವುದು ಅಸಾಧ್ಯ.

ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೆ ಹಾಗೂ ಅಂಗವಿಕಲರಾದವರಿಗೆ ಗೃಹಸಾಲದ ಬಡ್ಡಿಯಲ್ಲಿ ಅರ್ಧವನ್ನು ಕೇಂದ್ರೀಯ ಸೈನಿಕ ಮಂಡಳಿ ಮರುಪಾವತಿಸುತ್ತದೆ. ಆದರೆ ಇದು 1 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಮಾತ್ರ ಅನ್ವಯ.

2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ (ನಗರ) ಎರಡನೇ ಹಂತ ಸೈನಿಕರಿಗೆಂದೇ ರೂಪಿಸಿದ್ದಲ್ಲ. ಆದರೂ ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇಲ್ಲದ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಗಳು ಆರ್ಥಿಕವಾಗಿ ದುರ್ಬಲ ವರ್ಗದಡಿ ಅರ್ಜಿ ಸಲ್ಲಿಸಬಹುದು. ಕೈಗೆಟಕುವ ಬಾಡಿಗೆ ವಸತಿಯೂ ಈ ಯೋಜನೆಯ ನಾಲ್ಕು ಭಾಗಗಳಲ್ಲಿ ಒಂದು. ವಸತಿಹೀನರನ್ನು ಅದರ ಫಲಾನುಭವಿಗಳೆಂದು ಹೆಸರಿಸಲಾಗಿದೆ.

ಇವು ಯಾವುವೂ ಕೈಗೂಡದಿದ್ದರೆ ಉಳಿಯುವುದು ನಗರ ಪಾಲಿಕೆಯ ರಾತ್ರಿ ವಸತಿ ಕೇಂದ್ರ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರವು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವಂಥದ್ದು. ಅದು ವಸತಿ ಯೋಜನೆಯಲ್ಲ.

ಅಮೆರಿಕದ ಮಾದರಿ

ಅಮೆರಿಕದಲ್ಲಿ ಮನೆಯಿಲ್ಲದ ಮಾಜಿ ಸೈನಿಕರಿಗೆ ಸರ್ಕಾರವೇ ಬಾಡಿಗೆಯ ಬಹುಪಾಲನ್ನು ಭರಿಸಿ, ಜತೆಗೆ ಚಿಕಿತ್ಸೆ ಮತ್ತು ಸಲಹೆ ಒದಗಿಸುವ ಯೋಜನೆಯಿದೆ. 2010ರಲ್ಲಿ ಅಲ್ಲಿ ಸುಮಾರು 74 ಸಾವಿರ ಮಾಜಿ ಸೈನಿಕರು ವಸತಿಹೀನರಾಗಿದ್ದರು. 2024ರ ಎಣಿಕೆಯಲ್ಲಿ ಆ ಸಂಖ್ಯೆ 32,882ಕ್ಕೆ ಇಳಿಯಿತು. ಮೇಲೆ ಹೇಳಿದ ನಮ್ಮ ಯೋಜನೆಗಳಲ್ಲಿ ಮಾಜಿ ಸೈನಿಕರ ಮನೆ ಬಾಡಿಗೆಯನ್ನು ನೇರವಾಗಿ ಭರಿಸುವಂಥದ್ದು ಒಂದೂ ಇಲ್ಲ.

ಮೊದಲು ಮಾಡಬೇಕಾದ್ದು

ಯಾವ ಸೌಲಭ್ಯಕ್ಕಾದರೂ ಸೇನೆಯ ಬಿಡುಗಡೆ ಪುಸ್ತಕ (ಡಿಸ್ಚಾರ್ಜ್ ಬುಕ್) ಮತ್ತು ಮಾಜಿ ಸೈನಿಕರ ಗುರುತಿನ ಚೀಟಿ ಆಧಾರ. ಪಿಂಚಣಿಗೆ ಅರ್ಹರಾಗುವ ಮುನ್ನವೇ ಸ್ವಇಚ್ಛೆಯಿಂದ ಸೇವೆ ತೊರೆದವರು ಸಾಮಾನ್ಯವಾಗಿ 'ಮಾಜಿ ಸೈನಿಕ' ಎಂಬ ವ್ಯಾಖ್ಯೆಗೆ ಒಳಪಡುವುದಿಲ್ಲ; ಬಿಡುಗಡೆಯ ವರ್ಷಕ್ಕೆ ಅನುಗುಣವಾಗಿ ನಿಯಮ ಬದಲಾಗುವುದರಿಂದ ಮೊದಲೇ ವಿಚಾರಿಸುವುದು ಒಳಿತು. ಕಲ್ಯಾಣ ನಿಧಿಯ ಅರ್ಜಿಗಳನ್ನು ಕೇಂದ್ರೀಯ ಸೈನಿಕ ಮಂಡಳಿಯ ಅಂತರ್ಜಾಲ ತಾಣದಲ್ಲಿ ಸಲ್ಲಿಸಬೇಕು. ಅವುಗಳನ್ನು ಪರಿಶೀಲಿಸಿ ಶಿಫಾರಸು ಮಾಡುವುದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಈ ಕಾಗದಗಳು ಕಳೆದುಹೋದರೆ, ಸೂರಿನ ಜತೆಗೆ ಸೌಲಭ್ಯ ಕೇಳುವ ಆಧಾರವೂ ತಪ್ಪುತ್ತದೆ. ಅವುಗಳ ಪ್ರತಿಯನ್ನು ಮಕ್ಕಳ ಅಥವಾ ನಂಬಿಕಸ್ತರ ಬಳಿ ಇಟ್ಟಿರುವುದು ಕ್ಷೇಮ.