ನೋವಿಗೆ ಮುನ್ನ ನೀರು ಹೋದರೆ

ಗರ್ಭಿಣಿಯಿರುವ ಮನೆಯಲ್ಲಿ ‘ನೀರು ಹೋಯಿತು’ ಎಂಬ ಮಾತನ್ನು ನೀವು ಕೇಳಿರಬಹುದು. ಹಾಗೆಂದರೇನು?

ಗರ್ಭಕೋಶದೊಳಗೆ ಮಗು ತೆಳುವಾದ ಪೊರೆಗಳ ಚೀಲದಲ್ಲಿ, ಗರ್ಭಜಲದ ನಡುವೆ ಬೆಳೆಯುತ್ತದೆ. ಈ ನೀರು ಮಗುವನ್ನು ಪೆಟ್ಟಿನಿಂದ ಕಾಪಾಡುತ್ತದೆ. ಪೊರೆಯು ರೋಗಾಣುಗಳನ್ನು ತಡೆಯುತ್ತದೆ. ಸಾಮಾನ್ಯವಾಗಿ ಹೆರಿಗೆ ನೋವು ಆರಂಭವಾದ ಮೇಲೆ ಪೊರೆ ಒಡೆಯುತ್ತದೆ. ಕೆಲವರಲ್ಲಿ ನೋವಿಗೆ ಮುನ್ನವೇ ಒಡೆಯುವುದುಂಟು.

ಆಗ ‘ನೋವಿಲ್ಲವಲ್ಲ, ಬೆಳಗಾಗಲಿ’ ಎಂದು ಮನೆಯವರು ಕಾಯಬಾರದು. ಪೊರೆ ಒಡೆದರೆ ರೋಗಾಣುಗಳಿಗೆ ದಾರಿ ತೆರೆದಂತೆ. ಹೊತ್ತು ಕಳೆದಷ್ಟೂ ತಾಯಿಗೂ ಮಗುವಿಗೂ ಸೋಂಕು ತಗಲುವ ಸಂಭವ ಹೆಚ್ಚು. ಅಪರೂಪಕ್ಕೆ ಹೊಕ್ಕಳುಬಳ್ಳಿ ಕೆಳಕ್ಕೆ ಜಾರಿ, ಮಗುವಿಗೆ ರಕ್ತ ಹರಿಯುವುದೇ ನಿಲ್ಲಬಹುದು.

ಚಿಕಿತ್ಸೆಯು ಗರ್ಭಕ್ಕೆ ಎಷ್ಟು ವಾರ ಎಂಬುದನ್ನು ಅವಲಂಬಿಸಿದೆ. 37 ವಾರ ತುಂಬಿದ್ದರೆ, ಹೆಚ್ಚಿನವರಿಗೆ 24 ಗಂಟೆಗಳೊಳಗೆ ನೋವು ತಾನಾಗಿಯೇ ಬರುತ್ತದೆ. ಬಾರದಿದ್ದರೆ ವೈದ್ಯರು ಔಷಧಿ ಕೊಟ್ಟು ಬರಿಸುತ್ತಾರೆ. 34 ವಾರಕ್ಕೆ ಮುನ್ನವಾದರೆ ಮಗುವಿನ ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ. ಸೋಂಕಿನ ಲಕ್ಷಣವಿಲ್ಲದಿದ್ದರೆ ತಾಯಿಯನ್ನು ಆಸ್ಪತ್ರೆಯಲ್ಲಿಟ್ಟು, ಜ್ವರ, ನಾಡಿ, ಮಗುವಿನ ಎದೆಬಡಿತಗಳನ್ನು ಗಮನಿಸುತ್ತಾ ಹೆರಿಗೆಯನ್ನು ಮುಂದೂಡುತ್ತಾರೆ. ಸೋಂಕು ತಡೆಯಲು ಆಂಟಿಬಯೋಟಿಕ್, ಶ್ವಾಸಕೋಶ ಬಲಿಯಲು ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಈ ಚುಚ್ಚುಮದ್ದಿನ ಉಪಯೋಗವನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ 1972ರಲ್ಲಿ ತೋರಿಸಿಕೊಟ್ಟರು. 34ರಿಂದ 37 ವಾರಗಳ ನಡುವೆ ಕಾಯಬೇಕೇ, ಹೆರಿಗೆ ಮಾಡಿಸಬೇಕೇ ಎಂಬುದನ್ನು ವೈದ್ಯರು ತೂಗಿ ನೋಡುತ್ತಾರೆ. ಸೋಂಕು ಕಂಡರೆ ಮಾತ್ರ ಯಾವ ವಾರವಾದರೂ ಕಾಯುವಂತಿಲ್ಲ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹಾಸನದಲ್ಲಿ 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ದಿನ ತುಂಬುವ ಮುನ್ನ ನೀರು ಹೋದರೂ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗುವುದು ಲೇಸು. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿದ್ದರೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮೊದಲೇ ಸ್ಟಿರಾಯ್ಡ್‌ನ ಮೊದಲ ಚುಚ್ಚುಮದ್ದು ಕೊಡಬೇಕೆಂದು ಕೇಂದ್ರ ಸರ್ಕಾರ 2014ರಲ್ಲಿ ಸೂಚಿಸಿದೆ.

ನಿಮ್ಮ ಮನೆಯಲ್ಲಿ ಅಕ್ಕನಿಗೋ ಅತ್ತಿಗೆಗೋ ಹೀಗಾದರೆ ನೀವು ಮಾಡಬೇಕಾದುದಿಷ್ಟು: ನೀರು ಹೋದ ಸಮಯವನ್ನು ಬರೆದಿಡಿ. ಶುಭ್ರವಾದ ಬಟ್ಟೆ ಇಟ್ಟುಕೊಳ್ಳಲು ಹೇಳಿ. ನೀರಿನ ಬಣ್ಣ, ವಾಸನೆ ಗಮನಿಸಲಿ. ನೀರು ಹಸಿರಾಗಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದರ್ಥ. ಮನೆಯಲ್ಲಿ ಯಾರೂ ಒಳಗೆ ಕೈಹಾಕಿ ನೋಡಬಾರದು. ತಾಯಿ ಕಾರ್ಡ್ ಕೈಗೆತ್ತಿಕೊಂಡು 108ಕ್ಕೆ ಕರೆ ಮಾಡಿ. ನೋವು ಬರಲಿ ಎಂದು ಕಾಯಬೇಡಿ.