ಗದ್ದಲದ ಹಿಂದಿನ ಕಾರಣ ಹೇಳುವ ಪತ್ರಕರ್ತ

ಸುದ್ದಿಮನೆಯ ಡೆಸ್ಕಿನಲ್ಲಿ ಕೂತು ಬಜೆಟ್ ಸುದ್ದಿ ತಿದ್ದುವ ನನಗೆ ಅಮೆರಿಕದ ಎಜ್ರಾ ಕ್ಲೈನ್ ಬರಹವೆಂದರೆ ವಿಶೇಷ ಪ್ರೀತಿ. ಯಾರು ಯಾರನ್ನು ಬೈದರು ಎಂಬುದಕ್ಕಿಂತ ಕಾನೂನಿನಲ್ಲಿ ಏನಿದೆ, ಅದರಿಂದ ಯಾರಿಗೆ ಏನಾಗುತ್ತದೆ ಎಂಬುದೇ ಅವರಿಗೆ ಮುಖ್ಯ.

1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕ್ಲೈನ್ ಹೆಸರು ಮಾಡಿದ್ದು ‘ವಾಷಿಂಗ್ಟನ್ ಪೋಸ್ಟ್’ನಲ್ಲಿ. ಒಬಾಮ ಸರ್ಕಾರದ 2010ರ ಆರೋಗ್ಯ ಕಾಯ್ದೆ ವಿಮೆಯನ್ನು ಕಡ್ಡಾಯ ಮಾಡಿದಾಗ ದೊಡ್ಡ ಗದ್ದಲವೆದ್ದಿತು. ಈ ಕಡ್ಡಾಯದ ಹಿಂದಿನ ತರ್ಕ ಇಷ್ಟು: ಮೊದಲೇ ಕಾಯಿಲೆ ಇದ್ದವರಿಗೂ ಕಂಪನಿಗಳು ವಿಮೆ ಕೊಡಲೇಬೇಕು. ಆದರೆ ಕಾಯಿಲೆಯವರಷ್ಟೇ ವಿಮೆ ಕೊಂಡರೆ ಕಂತು ಏರುತ್ತದೆ. ಏರಿದಷ್ಟೂ ಆರೋಗ್ಯವಂತರು ದೂರ ಸರಿಯುತ್ತಾರೆ. ಅದಕ್ಕೇ ಎಲ್ಲರೂ ವಿಮೆ ಕೊಳ್ಳಬೇಕೆಂಬ ನಿಯಮ. ಇಂಥ ಗಂಟು ಬಿಡಿಸುವುದೇ ಕ್ಲೈನ್ ಅವರ ಕಸುಬಾಯಿತು. 2014ರಲ್ಲಿ ಸಹೋದ್ಯೋಗಿಗಳೊಂದಿಗೆ ‘ವಾಕ್ಸ್’ ಸುದ್ದಿತಾಣ ಕಟ್ಟಿದರು. 2021ರಿಂದ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅಂಕಣ, ಪಾಡ್‌ಕಾಸ್ಟ್.

ರಾಜಕೀಯ ಧ್ರುವೀಕರಣ ಕುರಿತ 2020ರ ‘ವೈ ವಿ ಆರ್ ಪೋಲರೈಸ್ಡ್’ ಪುಸ್ತಕದಲ್ಲಿ ಅವರು 1950ರ ಒಂದು ವರದಿಯನ್ನು ನೆನಪಿಸುತ್ತಾರೆ. ಡೆಮಾಕ್ರಟಿಕ್, ರಿಪಬ್ಲಿಕನ್ ಎರಡೂ ಪಕ್ಷಗಳು ಒಂದೇ ಥರ ಇವೆ, ಮತದಾರರಿಗೆ ಸರಿಯಾದ ಆಯ್ಕೆಯೇ ಇಲ್ಲ ಎಂದು ಅಂದಿನ ರಾಜ್ಯಶಾಸ್ತ್ರಜ್ಞರು ದೂರಿದ್ದರು! ಆದರೆ ವರ್ಣ ತಾರತಮ್ಯ ನಿಷೇಧಿಸಿದ 1964ರ ನಾಗರಿಕ ಹಕ್ಕು ಕಾಯ್ದೆಯ ಬಳಿಕ ದಕ್ಷಿಣದ ಬಿಳಿಯ ಮತದಾರರು ಕ್ರಮೇಣ ರಿಪಬ್ಲಿಕನ್ನರತ್ತ ವಾಲಿದರು. ಜನಾಂಗ, ಧರ್ಮ, ವಾಸದ ಊರು ಎಲ್ಲವೂ ಪಕ್ಷದೊಂದಿಗೆ ಬೆಸೆದುಕೊಂಡವು. ಹಾಗಾಗಿ ತೆರಿಗೆಯ ಚರ್ಚೆಯೂ ‘ನಾವು–ಅವರು’ ಎಂಬ ಜಗಳವಾಗುತ್ತದೆ.

ಓದುಗರಿಗೆ ಸಿಟ್ಟು ಬರಿಸುವುದು ಸುಲಭ. ಸಿಟ್ಟಿನ ಮೂಲ ತಿಳಿಸುವ ಪತ್ರಕರ್ತರು ಎಲ್ಲ ಭಾಷೆಗಳಿಗೂ ಬೇಕು. ಕನ್ನಡಕ್ಕಂತೂ ತುರ್ತಾಗಿ ಬೇಕು.