ಹಣ್ಣು ಕುಯ್ಯುವ ಕಾಲ, ಶಾಲೆ ತಪ್ಪುವ ಮಕ್ಕಳು



ಬೋರ್ಡೋ ದ್ರಾವಣದ ಪ್ರಮಾಣ, ಕಾಂಡಕೊರಕದ ಹಾವಳಿ, ಅಡಿಕೆಯ ಕೊಳೆರೋಗ, ಧಾರಣೆಯ ಏರಿಳಿತ, ಇವುಗಳನ್ನು ಕುರಿತು ಬರೆಯುವುದು ಈ ಪತ್ರಿಕೆಯಲ್ಲಿ ನಮ್ಮ ವಾಡಿಕೆ. ಈ ಸಂಚಿಕೆಯಲ್ಲಿ ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ. ಇದು ತೋಟಕ್ಕೆ ಸಂಬಂಧಪಡದ ವಿಷಯವೆಂದು ಮೊದಲು ನಾವೂ ಭಾವಿಸಿದ್ದೆವು. ಹಾಗೆ ಭಾವಿಸಿದ್ದೇ ನಮ್ಮ ತಪ್ಪು.

ರೋಬಸ್ಟಾ ಹಣ್ಣಾಗುವ ವೇಳೆಗೆ ನಮ್ಮ ತೋಟಕ್ಕೆ ಪ್ರತಿವರ್ಷ ತಿರುಮಕೂಡಲು ನರಸೀಪುರದ ಕಡೆಯಿಂದ ಒಂದು ತಂಡ ಬರುತ್ತದೆ. ಮೇಸ್ತ್ರಿ ಅದೇ ಸೀಮೆಯವನು. ಕೆಲವು ವರ್ಷಗಳ ಹಿಂದೆ ಆ ತಂಡದ ಜೊತೆಯಲ್ಲಿ ಎಂಟೊಂಬತ್ತು ವಯಸ್ಸಿನ ಒಬ್ಬ ಹುಡುಗಿ ಬಂದಳು. ತಾಯಿ ಹಣ್ಣು ಕುಯ್ಯುವಾಗ ಲೈನ್ ಮನೆಯ ಜಗಲಿಯಲ್ಲಿ ತಮ್ಮನನ್ನು ನೋಡಿಕೊಳ್ಳುವುದು ಅವಳ ಕೆಲಸ. ಸಾಯಂಕಾಲ ತೂಕ ಮಾಡುವಾಗ ಬಂದು ನಿಂತು, ಪ್ರತಿಯೊಬ್ಬರ ಚೀಲದ ತೂಕವನ್ನೂ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಕೂಡಿಸುತ್ತಿದ್ದಳು. ಒಂದು ದಿನ ನಮ್ಮ ರೈಟರು ಹಾಕಿದ ಮೊತ್ತಕ್ಕೂ ಅವಳ ಮೊತ್ತಕ್ಕೂ ತಾಳೆಯಾಗಲಿಲ್ಲ. ಮತ್ತೆ ಕೂಡಿಸಿ ನೋಡಿದರೆ ಅವಳದೇ ಸರಿ. ನಾವು ನಕ್ಕು, "ಬಲು ಚೂಟಿ ಹುಡುಗಿ" ಎಂದು ಒಂದು ಅಚ್ಚು ಬೆಲ್ಲ ಕೊಟ್ಟೆವು. ಯಾವ ತರಗತಿ, ಯಾವ ಶಾಲೆ ಎಂದು ಕೇಳಲಿಲ್ಲ.

ಮರುವರ್ಷವೂ ಬಂದಳು. ಬೆಲ್ಲವನ್ನೂ ಕೊಟ್ಟೆವು. ಮೂರನೆಯ ವರ್ಷ ಗೋಡೆಯ ಮೇಲೆ ಲೆಕ್ಕ ಕಾಣದೆ ಇದ್ದಾಗ ವಿಚಾರಿಸಿದೆವು. ತಾಯಿ ಹೇಳಿದ್ದಿಷ್ಟು: "ಇಸ್ಕೂಲ್ ಬುಟ್ಬುಟ್ಲು ಕನಾ ಸಾವ್ಕಾರ್ರೆ. ವಾಪಸ್ ಓದಾಗ ಪಾಠ ಎಲ್ಲೋ ಓಗ್ಬುಟ್ಟಿತ್ತು. ಕೂತ್ರೆ ಏನೂ ತಿಳೀತಿರ್ನಿಲ್ಲ, ನಾಚ್ಕಂಡು ಬುಟ್ಟೇಬುಟ್ಲು."

ಆ ರಾತ್ರಿ ನಾವು ಕೂತು ಲೆಕ್ಕ ಹಾಕಿದೆವು. ಶಾಲೆ ಜೂನ್‌ನಲ್ಲಿ ಆರಂಭವಾಗುತ್ತದೆ, ದಸರಾ ರಜೆಯ ನಂತರ ಎರಡನೆಯ ಅವಧಿ, ಬೇಸಿಗೆಗೆ ಮುಂಚೆ ಪರೀಕ್ಷೆ. ನಮ್ಮಲ್ಲಿ ಅರೇಬಿಕಾ ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ, ನಡುವೆ ಅಡಿಕೆ ಸುಲಿಯುವ ಕೆಲಸ. ಕಬಿನಿ, ಕಾವೇರಿ ನಾಲೆಗಳ ಬಯಲಿನಲ್ಲಿ ಡಿಸೆಂಬರಿಗೆ ಭತ್ತದ ಕುಯ್ಲು ಮುಗಿಯುತ್ತಲೂ ಭೂಮಿಯಿಲ್ಲದವರಿಗೆ ಅಲ್ಲಿ ಕೂಲಿ ಕಡಿಮೆಯಾಗುತ್ತದೆ. ಆಗ ಅವರು ಬೆಟ್ಟದ ಕಡೆಗೆ ಹೊರಡುತ್ತಾರೆ. ನಮಗೆ ಕೈಗಳು ಬೇಕಾದ ತಿಂಗಳು, ಅವರಿಗೆ ಕೂಲಿ ಬೇಕಾದ ತಿಂಗಳು, ಮಕ್ಕಳಿಗೆ ಪಾಠ ನಡೆಯುವ ತಿಂಗಳು, ಈ ಮೂರೂ ಒಂದೇ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು. ಮೂರು ತಿಂಗಳು ತಪ್ಪಿದರೆ ಅದರಲ್ಲಿ ಮೂರನೆಯ ಒಂದು ಭಾಗ ಹೋದಂತೆ. ಎರಡು ವರ್ಷ ಹೀಗಾದರೆ ಎಷ್ಟೇ ಚೂಟಿಯಾದ ಮಗುವೂ ಹಿಂದೆ ಬೀಳದೆ ಇರಲಾರದು.

ಕುಯ್ಲು ಮುಗಿದ ಮೇಲೆ ನಾವು ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಆ ಊರಿಗೆ ಹೋಗಿ ಬಂದೆವು. ನಮ್ಮ ಬೆಟ್ಟದ ಮಳೆ ಕಾವೇರಿಯಾಗಿ ಇಳಿದು ನರಸೀಪುರದ ಸಂಗಮದಲ್ಲಿ ಕಪಿಲೆಯನ್ನು ಕೂಡುತ್ತದೆ. ಆ ಸಂಗಮದಲ್ಲಿ ನಾವು ಸ್ನಾನ ಮಾಡಿ ಬಂದದ್ದುಂಟು, ನಂಜನಗೂಡಿನ ಶ್ರೀಕಂಠೇಶ್ವರನ ರಥೋತ್ಸವವನ್ನು ನೋಡಿದ್ದುಂಟು. ನಮ್ಮ ಹಣ್ಣು ಕುಯ್ಯುವವರ ಬೀದಿಯನ್ನು ನೋಡಿದ್ದು ಅದೇ ಮೊದಲು.

ಅಲ್ಲಿ ನಾವು ಕಂಡದ್ದು ಒಂದು ಚಿಕ್ಕ ಸೇವಾಮಂಡಲಿ. ಒಬ್ಬ ನಿವೃತ್ತ ಮೇಷ್ಟ್ರು, ಬಟ್ಟೆ ಹೊಲಿಯುವ ಒಬ್ಬ ಹೆಂಗಸು, ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು, ಒಬ್ಬ ಹಾಲಿನ ಡೇರಿಯ ನೌಕರ. ಯಾರಿಗೂ ಸಂಬಳವಿಲ್ಲ, ಫಲಕವೂ ಇಲ್ಲ. ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಸಾಯಂಕಾಲ ಮಕ್ಕಳು ಸೇರುತ್ತಾರೆ. ತಂದೆತಾಯಿ ಬೆಟ್ಟಕ್ಕೆ ಹೋದಾಗ ಊರಿನಲ್ಲೇ ಉಳಿಯುವ ಮಕ್ಕಳು ರಾತ್ರಿ ಅಜ್ಜಿಯ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಮಲಗುತ್ತಾರೆ. ಮಧ್ಯಾಹ್ನ ಶಾಲೆಯಲ್ಲಿ ಅಕ್ಷರ ದಾಸೋಹದ ಬಿಸಿಯೂಟವುಂಟು. ತೊಂದರೆಯೆಲ್ಲ ರಾತ್ರಿಯ ಊಟದ್ದು, ಬೆಳಗ್ಗೆ ಎಬ್ಬಿಸಿ ಕಳಿಸುವವರದ್ದು. ಮುದುಕಿಗೆ ಕಣ್ಣು ಕಾಣದು, ಮಗುವಿಗೆ ಜ್ವರ ಬಂದರೆ ಗೊತ್ತಾಗದು. ಈ ಮಂಡಲಿಯವರು ಮಾಡುವುದು ಅಷ್ಟೇ: ಸಂಜೆ ಪಾಠ, ಆಮೇಲೆ ಮುದ್ದೆಸಾರು, ಬೆಳಗ್ಗೆ ಒಬ್ಬರು ಬೀದಿಯಲ್ಲಿ ಒಂದು ಸುತ್ತು ಹೋಗಿ ಯಾರು ಹೊರಟಿಲ್ಲ ಎಂದು ನೋಡಿ ಬರುವುದು. ಬಂಧುಗಳೇ ಇಲ್ಲದ ಮಗುವನ್ನು ಶಿಕ್ಷಣ ಇಲಾಖೆಯವರ ಮೂಲಕ ವಸತಿ ಶಾಲೆಗೆ ಸೇರಿಸಲು ಓಡಾಡುತ್ತಾರೆ.

ನಾವು ಉತ್ಸಾಹದಿಂದ, ಮಕ್ಕಳಿಗೆ ಪುಸ್ತಕ, ಬಿಸ್ಕತ್ತು, ಬಟ್ಟೆ ಹಂಚಲು ನಮ್ಮ ಸದಸ್ಯರನ್ನು ಕರೆದುಕೊಂಡು ಬರುತ್ತೇವೆಂದು ಹೇಳಿದೆವು. ಮೇಷ್ಟ್ರು ವಿನಯದಿಂದಲೇ ಹೇಳಿದರು: "ಕಾರ್ಯದರ್ಶಿಗಳೇ, ಹುಟ್ಟುಹಬ್ಬಕ್ಕೆ ಬರುವವರು ನಮಗೆ ಬೇಕಾದಷ್ಟು ಜನ ಇದ್ದಾರೆ. ಮಂಗಳವಾರ ಬರುವವರು ಬೇಕು." ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಒಮ್ಮೆ ನಗರದಿಂದ ಒಬ್ಬ ತರುಣ ಭಾನುವಾರಗಳಲ್ಲಿ ಬಂದು ಕಂಪ್ಯೂಟರು ತೋರಿಸಿ ಗಣಿತ ಹೇಳಿಕೊಟ್ಟನಂತೆ. ಒಳ್ಳೆಯ ಹುಡುಗ. ಒಂದು ತಿಂಗಳ ಮೇಲೆ ಬರಲಿಲ್ಲ. ಮಕ್ಕಳು ಮೂರು ಭಾನುವಾರ ತಲೆ ಬಾಚಿಕೊಂಡು ಬಂದು ಬಾಗಿಲಲ್ಲಿ ಕೂತಿದ್ದುವಂತೆ. "ತಂದೆತಾಯಿ ಹೋಗುವುದನ್ನು ನೋಡಿ ನೋಡಿ ಬೆಳೆದ ಮಕ್ಕಳು ಸ್ವಾಮಿ. ಇನ್ನೊಬ್ಬರು ಬಂದು ಹೋಗುವುದು ಅವಕ್ಕೆ ಬೇಡ. ವಾರಕ್ಕೊಂದೇ ಗಂಟೆ ಬರಲಿ, ಬರುವ ದಿನ ತಪ್ಪದೆ ಬರಲಿ."

ಈ ಮಾತನ್ನು ಯೋಚಿಸುತ್ತ ನಂಜನಗೂಡಿನ ದಾರಿ ಹಿಡಿದೆವು. ನಡುವೆ ಕಪಿಲೆಯ ದಡದಲ್ಲಿ ಸುತ್ತೂರು. ಇಲ್ಲಿಯ ಉಚಿತ ವಸತಿ ಶಾಲೆಯಲ್ಲಿ ನಮ್ಮ ನಾಡಿನ ಮಕ್ಕಳು ಮಾತ್ರವಲ್ಲ, ದೂರದ ಈಶಾನ್ಯ ರಾಜ್ಯಗಳ ಬಡ ಮಕ್ಕಳೂ ಸೇರಿ ಸಾವಿರಾರು ಮಂದಿ ಊಟ, ವಸತಿ, ವಿದ್ಯೆ ಪಡೆಯುತ್ತಿರುವುದು ತಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಇಷ್ಟು ದೊಡ್ಡದರ ಮೂಲ ಚಿಕ್ಕದು. ಹಳ್ಳಿಯಿಂದ ಮೈಸೂರಿಗೆ ಓದಲು ಬರುವ ಬಡ ಹುಡುಗರಿಗೆ ಊಟಕ್ಕೂ ತಂಗಲಿಕ್ಕೂ ನೆಲೆಯಿಲ್ಲವೆಂಬುದನ್ನು ಕಂಡು ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು. ಜೆ.ಎಸ್.ಎಸ್. ಮಹಾವಿದ್ಯಾಪೀಠ ಹುಟ್ಟಿದ್ದು ಅದಾದ ಮೇಲೆ, 1954ರಲ್ಲಿ. ಮೊದಲು ಅನ್ನ, ಆಮೇಲೆ ಕಟ್ಟಡ.

ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನದೂ ಇದೇ ಕಥೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಕಾಡಂಚಿನ ಗಿರಿಜನರ ಹಾಡಿಗಳಲ್ಲಿ ಔಷಧ ಕೊಡಲು ಹೋದವರು ಅಲ್ಲೇ ನೆಲೆಸಿದರು. ಅವರ ಗಿರಿಜನ ಮಕ್ಕಳ ಶಾಲೆ ಮೊದಲು ನಡೆದದ್ದು ಒಂದು ದನದ ಕೊಟ್ಟಿಗೆಯಲ್ಲಿ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರದಲ್ಲಿ ಶ್ರೀ ಜಿ.ಎಸ್. ಜಯದೇವ ಅವರು 1992ರಿಂದ ದೀನಬಂಧು ಸಂಸ್ಥೆಯ ಮೂಲಕ ನಿರ್ಗತಿಕ ಮಕ್ಕಳನ್ನು ಸಾಕಿ ಓದಿಸುತ್ತ ಬಂದಿದ್ದಾರೆ. ಇವೆಲ್ಲವೂ ನಿಂತದ್ದು ದಾನದಿಂದ ಮಾತ್ರವಲ್ಲ. ಬಂದವರು ಹೋಗದೆ ಉಳಿದದ್ದರಿಂದ. ಮೇಷ್ಟ್ರು ಹೇಳಿದ ಮಂಗಳವಾರದ ಮಾತು ಇದೇ.

ನಾವು ತೋಟಗಾರರು ಪ್ರತಿ ಮಂಗಳವಾರ ನರಸೀಪುರಕ್ಕೆ ಹೋಗುವುದು ಸಾಧ್ಯವೆ? ಇಲ್ಲ. ಆದರೆ ಆ ಮಂಡಲಿಯವರು ನಮ್ಮಿಂದ ಕೇಳಿದ್ದೂ ಅದನ್ನಲ್ಲ. "ನಾವು ಊರಿನ ಕಡೆಯ ತುದಿ ಹಿಡಿದಿದ್ದೇವೆ, ತೋಟದ ಕಡೆಯ ತುದಿಯನ್ನು ಯಾರೂ ಹಿಡಿದಿಲ್ಲ" ಎಂದರು. ತಂಡ ಯಾವ ದಿನ ಹೊರಡುತ್ತದೆ ಎಂಬುದು ಅವರಿಗೆ ಲಾರಿ ಬಂದು ನಿಂತ ಮೇಲೆಯೇ ತಿಳಿಯುತ್ತದೆ. ಆ ಗಡಿಬಿಡಿಯಲ್ಲಿ ಮಗುವನ್ನು ಯಾರ ಮನೆಯಲ್ಲಿ ಬಿಡುವುದೆಂದು ತಾಯಿ ಯೋಚಿಸುವ ಹೊತ್ತಿಗೆ ಮಗುವೂ ಲಾರಿ ಹತ್ತಿರುತ್ತದೆ. ದಿನವನ್ನು ಗೊತ್ತುಮಾಡಿ ಮುಂಗಡ ಕೊಡುವವರು ನಾವು. ಹದಿನೈದು ದಿನ ಮೊದಲು ತಿಳಿಸಿದರೆ ಅರ್ಧ ಕೆಲಸವಾದಂತೆ.

ಕಾನೂನಿನ ಮಾತನ್ನೂ ಇಲ್ಲಿ ಹೇಳಿಬಿಡಬೇಕು. 1951ರ ತೋಟ ಕಾರ್ಮಿಕರ ಕಾಯಿದೆಯು ಐವತ್ತು ಮಂದಿ ಹೆಣ್ಣಾಳುಗಳಿದ್ದ ತೋಟಗಳಲ್ಲಿ ಶಿಶುವಿಹಾರ ಇರಬೇಕೆಂದು ವಿಧಿಸಿತ್ತು. ನಮ್ಮಂಥ ಸಣ್ಣ ಹಿಡುವಳಿದಾರರಿಗೆ ಅದು ತಗಲುತ್ತಿರಲಿಲ್ಲವಾದ್ದರಿಂದ, ಆಳಿನ ಮಗು ನಮ್ಮ ಹೊಣೆಯಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿತು. ಆದರೆ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ ಹದಿನಾಲ್ಕು ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ. ಶಾಲೆಯ ವೇಳೆ ಕಳೆದ ಮೇಲೆ ಮನೆಯವರದೇ ಉದ್ಯಮದಲ್ಲಿ ನೆರವಾಗಬಹುದೆಂಬ ವಿನಾಯಿತಿಯುಂಟು. "ತಾಯಿಗೆ ಸಹಾಯ ಮಾಡುತ್ತಿದೆ ಅಷ್ಟೇ" ಎಂದು ಹೇಳುವವರು ಒಂದನ್ನು ನೆನಪಿಡಬೇಕು: ನಮ್ಮ ತೋಟ ಅವರ ಮನೆಯ ಉದ್ಯಮವಲ್ಲ.

ಇದಕ್ಕಿಂತ ಮುಖ್ಯವಾದದ್ದು ಶಿಕ್ಷಣ ಹಕ್ಕು ಕಾಯಿದೆ. ವರ್ಗಾವಣೆ ಪತ್ರ ತಡವಾಯಿತೆಂದೋ, ವಯಸ್ಸಿನ ದಾಖಲೆಯಿಲ್ಲವೆಂದೋ, ವರ್ಷದ ನಡುವೆ ಬಂದಿತೆಂದೋ ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಬಿಟ್ಟುಹೋದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಅಂದರೆ ನಮ್ಮ ತೋಟಕ್ಕೆ ಬಂದೇಬಿಟ್ಟ ಮಗು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಮೂರು ತಿಂಗಳು ಕೂರಬಹುದು. ಮಕ್ಕಳು ಹೆಚ್ಚಿದ್ದರೆ ಟೆಂಟ್ ಶಾಲೆಗೆ ಅಥವಾ ಹಂಗಾಮಿನ ವಸತಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕೇಳಿಕೊಳ್ಳಬಹುದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಲಸೆ ಕುಟುಂಬದ ಮಕ್ಕಳಿಗಾಗಿ ಇಂಥದಕ್ಕೆ ಅವಕಾಶವುಂಟು. ಮಗು ಕಷ್ಟದಲ್ಲಿದ್ದರೆ 1098ಕ್ಕೆ ದೂರವಾಣಿ ಮಾಡಬಹುದು, ಹಣ ಬೇಕಿಲ್ಲ.

ದಾನ ಕೊಡಬಯಸುವ ಸದಸ್ಯರಿಗೆ ಒಂದೆರಡು ಸೂಚನೆ. ಮಕ್ಕಳನ್ನು ಇರಿಸಿಕೊಂಡು ಸಾಕುವ ಸಂಸ್ಥೆಗಳು 2015ರ ಬಾಲ ನ್ಯಾಯ ಕಾಯಿದೆಯ ಪ್ರಕಾರ ನೋಂದಣಿಯಾಗಿರಬೇಕು. ಆ ಪತ್ರವನ್ನು ಕೇಳಿ ನೋಡುವುದರಲ್ಲಿ ಸಂಕೋಚವಿಲ್ಲ. ಕೊಟ್ಟ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಭಾವಚಿತ್ರ ತೆಗೆಸುವುದು ಬೇಡ. ನಮ್ಮ ಮಗುವಿನ ಬಡತನವನ್ನು ಹಾಗೆ ಅಚ್ಚು ಹಾಕಿಸಲು ನಾವು ಒಪ್ಪುವೆವೆ?

ಇನ್ನು ಆ ಹುಡುಗಿಯ ವಿಷಯ. ಮೇಷ್ಟ್ರು ಅವಳನ್ನು ಕರೆದುಕೊಂಡು ಹೋಗಿ ಐದನೆಯ ತರಗತಿಗೆ ಸೇರಿಸಿದರು. ಕಳೆದ ಕುಯ್ಲಿಗೆ ತಾಯಿ ಚಿಕ್ಕವನೊಬ್ಬನನ್ನೇ ಕರೆತಂದಳು, ಮಗಳು ಅಜ್ಜಿಯ ಬಳಿ ಉಳಿದಳು. ನಮ್ಮಲ್ಲಿ ಫೋನಿಗೆ ಸಂಪರ್ಕ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಪ್ರತಿ ಸಂಜೆ ಹಣ್ಣು ಹರವಿದ ಮೇಲೆ ತಾಯಿ ಅಲ್ಲಿ ನಿಂತು ಮಗಳ ಜೊತೆ ಮಾತನಾಡುತ್ತಿದ್ದಳು. ಒಂದೊಂದು ಸಂಜೆ ಅಳುತ್ತಿದ್ದಳು. ಪರೀಕ್ಷೆಗೆಂದು ಒಂದು ವಾರ ಮುಂಚೆಯೇ ಊರಿಗೆ ಹೊರಟಳು. ಅವಳ ಹಿಂದೆ ಇನ್ನಿಬ್ಬರು ತಾಯಂದಿರೂ ಹೊರಟರು. ಮೇಸ್ತ್ರಿ ಗೊಣಗಿದ, ಒಂದಿಷ್ಟು ಹಣ್ಣು ಗಿಡದಲ್ಲೇ ಒಣಗಿ ಉದುರಿತು. ನಷ್ಟವಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಆಗುತ್ತದೆ, ಅದನ್ನು ತಿಳಿದೇ ಮಾಡಬೇಕು. ಮಗಳು ತೇರ್ಗಡೆಯಾದಳು. ಅಕ್ಕ ಜೊತೆಯಲ್ಲಿಲ್ಲದ್ದರಿಂದ ಚಿಕ್ಕವನನ್ನು ಗಿಡಗಳ ನಡುವೆ ಗೋಣಿಯ ಮೇಲೆ ಮಲಗಿಸಬೇಕಾಯಿತು. ಅದಕ್ಕೆ ನಾವಿನ್ನೂ ದಾರಿ ಹುಡುಕಬೇಕಾಗಿದೆ. ಮೂರು ನಾಲ್ಕು ತೋಟದವರು ಸೇರಿ ಒಬ್ಬ ಹಿರಿಯ ಹೆಂಗಸನ್ನು ಗೊತ್ತುಮಾಡಿದರೆ ಆಗದ ಕೆಲಸವೇನಲ್ಲ.

ಕಡೆಯದಾಗಿ ಸದಸ್ಯರಲ್ಲಿ ನಮ್ಮ ವಿನಂತಿ ಒಂದೇ. ಕುಯ್ಲಿಗೆ ಮುಂಚೆ ಮೇಸ್ತ್ರಿಯಿಂದ ಆಳುಗಳ ಪಟ್ಟಿ ಬರೆಸಿಕೊಳ್ಳುತ್ತೀರಲ್ಲವೆ? ಹೆಸರು, ಊರು, ಮುಂಗಡ ಎಂಬ ಕಲಮುಗಳ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಿರಿ: ಮಕ್ಕಳು, ವಯಸ್ಸು, ತರಗತಿ, ಶಾಲೆ. ಆ ಪಟ್ಟಿಯ ಒಂದು ಪ್ರತಿಯನ್ನು ತಂಡ ಹೊರಡುವ ಹದಿನೈದು ದಿನ ಮೊದಲು ಸಂಘದ ಕಚೇರಿಗೆ ತಲುಪಿಸಿದರೆ, ಆ ಊರಿನ ಮೇಷ್ಟ್ರಿಗೆ, ಶಾಲೆಗೆ ತಿಳಿಸುವ ಹೊಣೆ ನಮ್ಮದು. ಖರ್ಚು ಒಂದು ಗೆರೆಯಷ್ಟು. ನಾವು ಎರಡು ವರ್ಷ ಬೆಲ್ಲ ಕೊಟ್ಟು ಕೇಳದೆ ಬಿಟ್ಟ ಪ್ರಶ್ನೆಯನ್ನು ತಾವು ಮೊದಲ ವರ್ಷವೇ ಕೇಳಿರಿ.